‘ಪ್ರಿಸೀಡ್’ ಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ?

ಬ್ಯಾಂಕ್ ಪರೀಕ್ಷೆಗೆ ಓದುವ ಚುರುಕು ಹುಡುಗ ಹುಡುಗಿಯರು ಲೆಕ್ಕ ಬಲ್ಲವರಾಗಿಯೂ ‘ಪ್ರಿಸೀಡ್’ ಎಂಬ ಒಂದೇ ಪದದಿಂದ ಅಂಕ ಕಳೆದುಕೊಳ್ಳುವುದನ್ನು ನೋಡುತ್ತಲೇ ಇದ್ದೇನೆ. ಅದಕ್ಕಾಗಿ ಈ ಲೇಖನ.

ಮೊದಲು ಅರ್ಥ. ಇದು ಲ್ಯಾಟಿನ್ ಮೂಲದ ಪದ. ‘ಪ್ರೇ’ ಎಂದರೆ ಮೊದಲು, ‘ಕೇದೆರೆ’ ಎಂದರೆ ಹೋಗುವುದು. ಮಿಂಚು ಗುಡುಗನ್ನು ಪ್ರಿಸೀಡ್ ಮಾಡುತ್ತದೆ.

ಎರಡನೆಯದು ಕಾಗುಣಿತ. ಇದರ ಕೊನೆ ಸಿ-ಇ-ಡಿ-ಇ. ಮುಂದುವರಿಯುವುದು ಎಂಬ ಅರ್ಥದ ‘ಪ್ರೊಸೀಡ್’ ಬೇರೆಯೇ ಪದ; ಅದರ ಕೊನೆ ಸಿ-ಇ-ಇ-ಡಿ. ಹಾಗೆ ಮುಗಿಯುವ ಕ್ರಿಯಾಪದಗಳು ಪ್ರೊಸೀಡ್, ಎಕ್ಸೀಡ್, ಸಕ್ಸೀಡ್ ಮಾತ್ರ. ಈ ಮೂರನ್ನು ಬಾಯಿಪಾಠ ಮಾಡಿದರೆ ಸಾಕು.

ಇನ್ನು ಎಲ್ಲರೂ ಎಡವುವ ಜಾಗ. ಮೈಸೂರು ದಸರೆಯ ಮೆರವಣಿಗೆಯಲ್ಲಿ ನಿಶಾನೆ ಆನೆ ಅಂಬಾರಿ ಆನೆಯನ್ನು ಪ್ರಿಸೀಡ್ ಮಾಡುತ್ತದೆ. ಇಲ್ಲಿ ನಾವು ‘ಮುಂದೆ ಹೋಗುತ್ತದೆ’ ಎನ್ನುತ್ತೇವೆ. ಆದರೆ ಸಾಲಾಗಿ ಬರೆದ ಅಂಕಿಗಳಲ್ಲಿ ಮೊದಲು ಬರುವುದನ್ನು ‘ಹಿಂದಿನ ಅಂಕಿ’ ಎನ್ನುತ್ತೇವೆ. ‘ಮುಂದಿನ ಅಂಕಿ’ ಎಂದರೆ ಆಮೇಲೆ ಬರುವುದು. ಗೊಂದಲ ಹುಟ್ಟುವುದೇ ಇಲ್ಲಿ. ಅಗ್ಗದ ಶಬ್ದಾರ್ಥ ಪುಸ್ತಿಕೆಗಳು ‘ಮುಂದೆ ಹೋಗು’ ಎಂದಷ್ಟೇ ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತವೆ, ಅಂಥವನ್ನು ಕೊಳ್ಳಲೇಬೇಡಿ. ಹಿಂದೆ, ಮುಂದೆ ಎರಡನ್ನೂ ಬಿಟ್ಟು ‘ಮೊದಲು ಬರುವುದು’ ಎಂದೇ ಓದಿಕೊಳ್ಳಿ.

5 3 7 8 3 7 2 7 3 7 ಎಂಬ ಸಾಲು ಕೊಟ್ಟು, ‘ಇಮ್ಮಿಡಿಯೆಟ್ಲಿ ಪ್ರಿಸೀಡೆಡ್ ಬೈ 3’ ಆದರೆ ‘ನಾಟ್ ಇಮ್ಮಿಡಿಯೆಟ್ಲಿ ಫಾಲೋಡ್ ಬೈ 8’ ಆಗಿರುವ 7ಗಳೆಷ್ಟು ಎಂದು ಕೇಳುತ್ತಾರೆ. ‘ಪ್ರಿಸೀಡೆಡ್ ಬೈ’ ಆದಮೇಲೆ ಬಂದ ಅಂಕಿಯೇ ಮೊದಲು ಬರುವುದು. ಅದರ ಕೆಳಗೆ ಗೆರೆ ಎಳೆಯಿರಿ. ನಂತರ ‘3, 7’ ಎಂಬ ಜೋಡಿಯನ್ನು ಎಡದಿಂದ ಬಲಕ್ಕೆ ಹುಡುಕಿ, ಮೂರು ಸಿಗುತ್ತವೆ. ಮೊದಲನೆಯದರ ಬಲಕ್ಕೆ 8 ಇದೆ, ಅದನ್ನು ಬಿಡಿ. ಕೊನೆಯ 7ರ ಬಲಕ್ಕೆ ಏನೂ ಇಲ್ಲವೆಂದು ಅದನ್ನು ಕೈಬಿಡುವವರಿದ್ದಾರೆ. ಬಿಡಬಾರದು, 8 ಇಲ್ಲದಿದ್ದರೆ ಸಾಕು. ಉತ್ತರ 2. ‘ಇಮ್ಮಿಡಿಯೆಟ್ಲಿ’ ಎಂದರೆ ಪಕ್ಕದಲ್ಲೇ ಇರಬೇಕು, ನಡುವೆ ಇನ್ನೊಂದು ಅಂಕಿ ಸಲ್ಲದು. ಮನಸ್ಸಿನಲ್ಲೇ ಲೆಕ್ಕ ಹಾಕುವ ಶಾರ್ಟ್‌ಕಟ್ ಬೇಡ, ಪೆನ್ಸಿಲ್ ಹಿಡಿಯಿರಿ.

ವಾಕ್ಯ ಬರೆಯುವಾಗ ‘ಪ್ರಿಸೀಡ್’ ಜೊತೆ ‘ಬಿಫೋರ್’ ಸೇರಿಸಬೇಡಿ, ಆ ಅರ್ಥ ಅದರೊಳಗೇ ಇದೆ. ಅಭ್ಯಾಸಕ್ಕೆ ನಮ್ಮ ಮುಖ್ಯಮಂತ್ರಿಗಳ ಪಟ್ಟಿಯಷ್ಟು ಒಳ್ಳೆಯದು ಬೇರೊಂದಿಲ್ಲ. 1980ರಲ್ಲಿ ದೇವರಾಜ ಅರಸರ ನಂತರ ಗುಂಡೂರಾವ್ ಬಂದರು. ಆದ್ದರಿಂದ ‘ಅರಸು ಪ್ರಿಸೀಡೆಡ್ ಗುಂಡೂರಾವ್’ ಸರಿ. ‘ಗುಂಡೂರಾವ್ ವಾಸ್ ಪ್ರಿಸೀಡೆಡ್ ಬೈ ಅರಸು’ ಕೂಡ ಸರಿ. ಪಟ್ಟಿಯ ಉಳಿದ ಹೆಸರುಗಳನ್ನೂ ಹೀಗೆಯೇ ಎರಡೂ ಬಗೆಯಲ್ಲಿ ಬರೆದು ನೋಡಿ.