ಅಡಿಕೆ ದಬ್ಬೆ ಸಿಕ್ಕಿಸಿದ ಗಿಟಾರ್

ನನ್ನ ಮೊದಲ ಎಲೆಕ್ಟ್ರಿಕ್ ಗಿಟಾರ್ ತಗೊಂಡಿದ್ದು ಬಣ್ಣ ನೋಡಿ. ಕಪ್ಪು ಮೈ, ಚೂಪು ಕೊಂಬು, ತಂತಿಗಳ ಬುಡ ಹಿಡಿದು ಸ್ಪ್ರಿಂಗ್ ಮೇಲೆ ತೇಲುವ ಬ್ರಿಡ್ಜ್. ಪುಟಾಣಿ ಆಂಪ್ಲಿಫೈಯರ್ (ಆ್ಯಂಪ್), ಚೀಲ, ಕೇಬಲ್ ಎಲ್ಲ ಸೇರಿ 8,000 ರೂಪಾಯಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಅದು ಬಂದಾಗ ಇನ್ನೂ ಮೇ ತಿಂಗಳು. ಚೆನ್ನಾಗಿಯೇ ಇತ್ತು.

ಜುಲೈನಲ್ಲಿ ಕಥೆ ಕೆಟ್ಟಿತು. ನಮ್ಮ ಕಡೆ ಮಳೆಗಾಲದಲ್ಲಿ ಬಾಗಿಲೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಗಿಟಾರಿನ ಕತ್ತು ಸುಮ್ನೆ ಇರುತ್ತದಾ? ಕತ್ತು ಸ್ವಲ್ಪ ಬಾಗಿದರೂ ತಂತಿಯ ಬಿಗಿ ಬದಲಾಗುತ್ತದೆ. ತೇಲುವ ಬ್ರಿಡ್ಜ್‌ನಲ್ಲಿ ಒಂದು ತಂತಿ ಬಿಗಿ ಮಾಡಿದರೆ ಬ್ರಿಡ್ಜ್ ಮುಂದಕ್ಕೆ ವಾಲಿ ಉಳಿದ ಐದೂ ಸಡಿಲವಾಗುತ್ತವೆ. ನಾನು ನುಡಿಸಿದ್ದಕ್ಕಿಂತ ಶ್ರುತಿ ಮಾಡಿದ್ದೇ ಜಾಸ್ತಿ.

ಇನ್ನೊಂದು ಕಾಟ ಗುಂಯ್ ಸದ್ದಿನದು. ಅದರಲ್ಲಿದ್ದ ಮೂರೂ ಸಿಂಗಲ್ ಕಾಯಿಲ್ ಪಿಕಪ್. ಅಯಸ್ಕಾಂತಕ್ಕೆ ಸುತ್ತಿದ ಆ ಒಂಟಿ ಸುರುಳಿ, ಗಿಟಾರ್ ತಂತಿಯ ನಡುಕವನ್ನಷ್ಟೇ ಅಲ್ಲ, ಮನೆಯ ವೈರಿಂಗಿನ 50 ಹರ್ಟ್ಸ್ ಗುಂಯ್ಯನ್ನೂ ಹಿಡಿಯುತ್ತದೆ. ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಇಲ್ಲದೆ ನುಡಿಸುವವರಿಗೆ ಅಷ್ಟು ತೊಂದರೆ ಇಲ್ಲ. ರಾಕ್ ನುಡಿಸಲು ಡಿಸ್ಟಾರ್ಷನ್ ಏರಿಸಿದಿರೋ, ಸಣ್ಣ ಸದ್ದೆಲ್ಲ ದೊಡ್ಡದಾಗಿ ಜೇನುಹುಟ್ಟಿಗೆ ಕಲ್ಲು ಹೊಡೆದ ಹಾಗಾಗುತ್ತದೆ. ಹಂಬಕರ್ ಅನ್ನುವ ಇನ್ನೊಂದು ಬಗೆಯ ಪಿಕಪ್‌ನಲ್ಲಿ ಎರಡು ಸುರುಳಿ ಇರುತ್ತವೆ, ಒಂದಕ್ಕೊಂದು ಉಲ್ಟಾ. ಎರಡೂ ಹಿಡಿದ ಗುಂಯ್ ಪರಸ್ಪರ ಹೊಡೆದುಕೊಂಡು ಹೋಗುತ್ತದೆ, ತಂತಿಯ ಸದ್ದು ಮಾತ್ರ ಕೂಡಿಕೊಂಡು ದಪ್ಪಗೆ ಬರುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲೇ ಇದನ್ನು ಮಾಡಿಟ್ಟಿದ್ದ. ನನಗೆ ತಿಳಿದಿದ್ದು 8,000 ಕಳೆದುಕೊಂಡ ಮೇಲೆ.

ಎರಡನೇ ಸಲ ಕೈಯಲ್ಲಿ ಹಿಡಿದು ನೋಡದೆ ತಗೊಳ್ಳಬಾರದು ಅಂತ ಶಿವಮೊಗ್ಗಕ್ಕೆ ಬಸ್ ಹತ್ತಿದೆ. ಬೇಕಾಗಿದ್ದದ್ದು ಎರಡೇ: ಬ್ರಿಡ್ಜ್ ಹತ್ತಿರ ಒಂದು ಹಂಬಕರ್, ಅಲುಗಾಡದ ಬ್ರಿಡ್ಜ್. ಒಬ್ಬರ ಬಳಿ ಹಳೆಯ ಯಮಾಹಾ ಪೆಸಿಫಿಕಾ 012 ಇತ್ತು. ಎರಡು ಸಿಂಗಲ್ ಕಾಯಿಲ್, ಬ್ರಿಡ್ಜ್ ಹತ್ತಿರ ಹಂಬಕರ್. ಮಾರುವವರು, "ತಮ್ಮಾ, ಆ್ಯಂಪ್‌ಗೆ ಹಾಕಿ ನೋಡು" ಅಂದರು. ನಾನು ಮೊದಲು ಆ್ಯಂಪ್ ಇಲ್ಲದೆಯೇ ನೋಡಿದೆ. ಡಿಸ್ಟಾರ್ಷನ್ ಹಾಕಿದರೆ ಎಲ್ಲ ಗಿಟಾರೂ ಅರ್ಧ ಗಂಟೆ ಚೆನ್ನಾಗಿಯೇ ಕೇಳುತ್ತದೆ ಅಲ್ವಾ!

ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಗೆರೆ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ, ಏಳನೆಯ ಫ್ರೆಟ್ ಹತ್ತಿರ ಸಂದು ಎಷ್ಟಿದೆ ಅಂತ ನೋಡಿದೆ. ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇತ್ತು, ಆದರೆ ಕತ್ತಿನ ಬಾಗು ಸರಿಮಾಡಲು ಒಳಗಿರುವ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿದ್ದಕ್ಕೆ ಸರಿಹೋಯಿತು. ರಾಡ್ ತಿರುಗದೆ ಕಚ್ಚಿಕೊಂಡಿದ್ದರೆ ಅಲ್ಲೇ ಬಿಟ್ಟು ಬರುತ್ತಿದ್ದೆ. ಆಮೇಲೆ ಪ್ರತಿ ತಂತಿ, ಪ್ರತಿ ಫ್ರೆಟ್. ಎರಡು ಕಡೆ ಸ್ವಲ್ಪ ಜರ್ ಅಂದಿತು, ಅದನ್ನೇ ಹಿಡಿದುಕೊಂಡು ಚೌಕಾಸಿ ಮಾಡಿದೆ. 9,000ಕ್ಕೆ ಕೊಟ್ಟರು.

ಇದರ ಬ್ರಿಡ್ಜೂ ಸ್ಪ್ರಿಂಗ್ ಮೇಲೆ ಅಲುಗಾಡುವ ಟ್ರೆಮೊಲೊನೇ. ಆದರೆ ಕಟ್ಟಿಹಾಕಬಹುದಾದ ಟ್ರೆಮೊಲೊ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಲೋಹದ ತುಂಡೊಂದು ಕಾಣುತ್ತದೆ. ಅದಕ್ಕೂ ಪಕ್ಕದ ಮರಕ್ಕೂ ನಡುವೆ ಬಿಗಿಯಾಗಿ ಏನಾದರೂ ತುರುಕಿದರೆ ಬ್ರಿಡ್ಜ್ ಅಲುಗಾಡುವುದಿಲ್ಲ. ಕೊಟ್ಟಿಗೆಯಲ್ಲಿ ಒಣಗಿದ ಅಡಿಕೆ ದಬ್ಬೆ ಬಿದ್ದಿತ್ತು. ಒಂದು ತುಂಡು ಕತ್ತರಿಸಿ, ಅಳತೆಗೆ ಸರಿಯಾಗಿ ಉಜ್ಜಿ ಸಿಕ್ಕಿಸಿದೆ. ಮೂರು ಮಳೆಗಾಲ ಆಯಿತು, ಅಲ್ಲೇ ಇದೆ. ಅಪ್ಪ ಮಾತ್ರ "ತೋಟದಿಂದ ನಿನಗೆ ಆದ ಉಪಯೋಗ ಇದೊಂದೇ" ಅನ್ನುತ್ತಾರೆ.

ಹಂಬಕರ್ ಬಂದ ಮೇಲೂ ಒಂದು ಕರಕರ ಉಳಿದಿತ್ತು. ತಂತಿ ಮುಟ್ಟಿದರೆ ನಿಲ್ಲುತ್ತಿತ್ತು, ಕೈ ತೆಗೆದರೆ ಮತ್ತೆ ಶುರು. ಒಂದೊಂದು ಸಲ ಬೆರಳು ಜುಮ್ಮೆನ್ನುತ್ತಿತ್ತು. ಅದು ಗಿಟಾರಿನ ತಪ್ಪಲ್ಲ, ನಮ್ಮ ಹಳೆ ಮನೆಗೆ ಅರ್ಥಿಂಗೇ ಇರಲಿಲ್ಲ. ಜುಮ್ ಅಂದರೆ ದಯವಿಟ್ಟು ನುಡಿಸುವುದು ನಿಲ್ಲಿಸಿ. ಎಲೆಕ್ಟ್ರಿಷಿಯನ್ ಬಂದು ಗುಂಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿದ ಮೇಲೆ ಕರಕರ ಬಹುಪಾಲು ಹೋಯಿತು.

ತಂತಿ 9-42 ಹಾಕುತ್ತೇನೆ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ), ತೆಳ್ಳಗಿರುವುದರಿಂದ ಬೆಂಡ್ ಮಾಡಲು, ಅಂದರೆ ಬೆರಳಲ್ಲಿ ತಂತಿ ಎಳೆದು ಸ್ವರ ಏರಿಸಲು ಸುಲಭ. ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿಯುತ್ತವೆ. ನುಡಿಸಿದ ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಚೀಲದಲ್ಲಿ ಇಡುತ್ತೇನೆ. ಬೆಂಕಿ ಕಾಯಿಸುವ ಹೊಡಸಲ ಹತ್ತಿರ ಇಟ್ಟರೆ ಬೆಚ್ಚಗಿರುತ್ತದೆ ಅನ್ನಿಸಬಹುದು, ಇಡಬೇಡಿ.

ಮಿಕ್ಕ ಹಣದಲ್ಲಿ ದೊಡ್ಡ ಆ್ಯಂಪ್ ಬದಲು ವಾಕ್ಸ್ ಆ್ಯಂಪ್‌ಪ್ಲಗ್ ತಗೊಂಡೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಗಿಟಾರಿಗೇ ಚುಚ್ಚಿ ಹೆಡ್‌ಫೋನ್ ಹಾಕಿಕೊಂಡರೆ ಆಯಿತು. ಎರಡು ಎಎಎ ಸೆಲ್ ಸಾಕು. ಶರಾವತಿಯಲ್ಲಿ ಕರೆಂಟು ಹುಟ್ಟುವ ಜಿಲ್ಲೆ ನಮ್ಮದು, ಆದರೂ ಕಳೆದ ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕತ್ತಲೆ. ಜಗುಲಿಯಲ್ಲಿ ಕೂತು ಪವರ್ ಕಾರ್ಡ್ (ಎರಡು ಸ್ವರ ಒಟ್ಟಿಗೆ ಮೀಟುವ ರಾಕ್ ಶೈಲಿ) ಬಾರಿಸುತ್ತಿದ್ದೆ. ಪಕ್ಕದಲ್ಲೇ ಕೂತಿದ್ದ ಅಮ್ಮನಿಗೆ ಕೇಳಿಸಿದ್ದು ತಂತಿಯ ಟಿಕ್ ಟಿಕ್ ಅಷ್ಟೇ. "ಇನ್ನೂ ಶುರು ಮಾಡ್ಲಿಲ್ವಾ?" ಅಂದರು.