ಮಿಸ್‌ಗೆ ಹೊಲಿದುಕೊಟ್ಟ 36 ಜೇಬು

ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ರಿಟೈರ್ ಆದ ಟೀಚರ್ ಒಬ್ಬರು ದೊಡ್ಡ ಬ್ಯಾಗ್ ಹಿಡಿದು ನನ್ನ ಹೊಲಿಗೆ ಅಂಗಡಿಗೆ ಬಂದರು. ಕಟಿಂಗ್ ಟೇಬಲ್ ಮೇಲೆ ಅದನ್ನು ಸುರಿದರು. ಒಳಗೆ 22 ಶಾಲು. ಎಲ್ಲ ಸನ್ಮಾನದ ಶಾಲು. ಕೆಂಪು, ಹಸಿರು, ಹಳದಿ, ಜರಿ ಅಂಚು. ಅರ್ಧದಷ್ಟು ಶಾಲುಗಳ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.

"ಇದರಲ್ಲಿ ಏನಾದ್ರೂ ಹೊಲಿಯೋಕಾಗುತ್ತಾ ನೋಡಮ್ಮ. ಬೀರು ತುಂಬ ಇವೇ ಆಗಿವೆ. ಹೊದೆಯೋಕೂ ಆಗಲ್ಲ, ಯಾರಿಗಾದ್ರೂ ಕೊಡೋಣ ಅಂದ್ರೆ ಮನಸ್ಸೂ ಬರಲ್ಲ" ಅಂದರು.

ಶಾಲುಗಳನ್ನು ಜೋಡಿಸಿ, ಒಳಗೆ ಹಳೇ ಸೀರೆ ಕೊಟ್ಟು, ಎರಡು ಹೊದಿಕೆ ಮಾಡೋಣ ಅಂತ ಮಾತಾಯಿತು. ಅಳತೆ ಹಿಡಿಯುವಾಗ ನಾನು ಸುಮ್ನೆ ಕೇಳಿದೆ. ಟೀಚರ್, ಇದರ ಬದಲು ಏನು ಕೊಟ್ಟಿದ್ದರೆ ನಿಮಗೆ ಖುಷಿ ಆಗ್ತಿತ್ತು?

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ತಂದೆ ತಾಯಿ ಸ್ಕೂಲಿಗೆ ಬರೋದೇ ದೂರು ಹೇಳೋಕೆ, ಇಲ್ಲಾ ಸೈನ್ ಹಾಕೋಕೆ. ಯಾರಾದ್ರೂ ಒಬ್ಬರು ಬಂದು, ನನ್ನ ಮಗಳು ನಿಮ್ಮ ಹತ್ರ ಇದನ್ನ ಕಲಿತಳು ಅಂತ ಹೇಳಿದ್ದರೆ, ಆ ದಿನ ಮನೆಗೆ ಹೋಗುವಾಗ ಕಾಲು ನೋಯ್ತಾ ಇರಲಿಲ್ಲ."

ಆ ಮಾತು ನನಗೆ ನೇರವಾಗಿ ತಾಗಿತು. ಯಾಕೆಂದರೆ ಅದರ ಹಿಂದಿನ ವರ್ಷವೇ ನಾನು ಒಂದು ತಪ್ಪು ಮಾಡಿದ್ದೆ.

ನಮ್ಮದು ಮಂಡ್ಯದ ಗುತ್ತಲು ರಸ್ತೆ ಕಡೆ ಮನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಇಬ್ಬರು ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದಿದ್ದು. ಮಗ ಮೂರನೇ ಕ್ಲಾಸಿನಲ್ಲಿದ್ದಾಗ ಶಿಕ್ಷಕರ ದಿನಕ್ಕೆ ಏನಾದರೂ ಕೊಡಬೇಕು ಅಂತ ನಾವು ನಾಲ್ಕು ಜನ ತಾಯಂದಿರು ಸೇರಿದೆವು. ಮನೆಗೆ 200 ರೂಪಾಯಿ ಅಂತ ವಂತಿಗೆ ಎತ್ತಿದೆವು. ಪಟ್ಟಿ ಬರೆದವಳು ನಾನೇ. ಗೋಡೆ ಗಡಿಯಾರ, ಒಂದು ಜೊತೆ ದೀಪ, ಶಾಲು, ಹಾರ ತಂದೆವು.

ನಮ್ಮ ಬೀದಿಯ ಒಬ್ಬರು, ಕಬ್ಬು ಕಡಿಯುವ ಕೂಲಿಗೆ ಹೋಗುವವರು, "ಈಗ ನಮ್ಮ ಕೈಲಿ ಆಗಕಿಲ್ಲ ಕಣಕ್ಕ, ಮುಂದಿನ ವಾರ ಕೊಡ್ತೀನಿ" ಅಂದಿದ್ದರು. ಪರವಾಗಿಲ್ಲ ಬಿಡಿ ಅಂತ ನಾನೂ ಹೇಳಿದ್ದೆ. ಆದರೆ ಅವರ ಹೆಸರಿನ ಮುಂದೆ ಜಾಗ ಖಾಲಿ ಇತ್ತು. ಆ ಪಟ್ಟಿ ಎಲ್ಲರ ಕೈಗೂ ಹೋಯಿತು. ಸೆಪ್ಟೆಂಬರ್ 5ರಂದು ಅವರ ಮಗು ಸ್ಕೂಲಿಗೇ ಬರಲಿಲ್ಲ.

ಮಿಸ್ ಹಾಜರಿ ಕರೆಯುವಾಗ ಅದನ್ನು ಗಮನಿಸಿದರು. ಕಾರಣ ಮಕ್ಕಳ ಬಾಯಿಂದಲೇ ಹೊರಬಿತ್ತು. ಸಂಜೆ ನನ್ನನ್ನು ಕರೆದು ಗಡಿಯಾರ, ದೀಪ ಎರಡನ್ನೂ ವಾಪಸ್ ಕೊಟ್ಟರು. ಬೈಯಲಿಲ್ಲ. "ಈ ಮಗು ಬರದೇ ಇರೋ ಹಾಗೆ ಮಾಡಿದ ಹಬ್ಬ ನನಗೆ ಬೇಡಮ್ಮ" ಅಂದರು, ಅಷ್ಟೇ. ನಾನು ಮಾರನೇ ದಿನ ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವತ್ತಿನಿಂದ ಇಲ್ಲಿವರೆಗೆ ಟೀಚರ್‌ಗಳ ಹೆಸರಿನಲ್ಲಿ ನಾನು ಒಂದು ರೂಪಾಯಿ ವಂತಿಗೆ ಎತ್ತಿಲ್ಲ. ನಿಮ್ಮ ಶಾಲೆಯಲ್ಲೂ ಯಾರಾದರೂ ಹಾಗೆ ಪಟ್ಟಿ ಹಿಡಿದು ಬಂದರೆ, ದಯವಿಟ್ಟು ಬೇಡ ಅನ್ನಿ. ಅದೂ ಅಲ್ಲದೆ ಸರ್ಕಾರಿ ಶಾಲೆಯ ಶಿಕ್ಷಕರಿಗೆ ನಡತೆ ನಿಯಮ ಅಂತ ಇದೆ. ಬೆಲೆಬಾಳುವ ಉಡುಗೊರೆ ತೆಗೆದುಕೊಳ್ಳುವುದು ಅವರಿಗೇ ತೊಂದರೆ.

ಶಾಲಿನ ಟೀಚರ್ ಹೇಳಿದ ಮಾತು ಕೇಳಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಮಕ್ಕಳನ್ನು ಬಿಡಲು ಹೋದಾಗ ಗೇಟಿನಲ್ಲೇ ತಿರುಗಿ ಬರುವುದಿಲ್ಲ. ಐದು ನಿಮಿಷ ಒಳಗೆ ಹೋಗಿ ನಿಲ್ಲುತ್ತೇನೆ. ಆ ರೂಮಿನಲ್ಲಿ ಏನಿದೆ, ಏನಿಲ್ಲ, ಮಿಸ್ ಯಾವುದಕ್ಕೆ ಒದ್ದಾಡುತ್ತಿದ್ದಾರೆ ಅಂತ ನೋಡುತ್ತೇನೆ. ಏನು ಕೊಡಬೇಕು ಅನ್ನುವುದು ಅಲ್ಲೇ ಕಾಣುತ್ತದೆ.

ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಹಾಗೆ ಕಂಡದ್ದು ಕಾರ್ಡುಗಳು.

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ಕ್ಲಾಸಿನವರೆಗೆ ನಲಿ ಕಲಿ ಇರುತ್ತದೆ. 1995ರಲ್ಲಿ ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಇದು. ಮೂರೂ ಕ್ಲಾಸಿನ ಮಕ್ಕಳು ಒಂದೇ ರೂಮಿನಲ್ಲಿ ತಟ್ಟೆಗಳು ಅನ್ನುವ ಗುಂಪುಗಳಲ್ಲಿ ಕೂರುತ್ತಾರೆ. ಪ್ರತಿ ಮಗು ತನ್ನ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ಕಲಿಯಬೇಕು. ಒಂದು ಮಗು 'ರ ಗ ಸ ದ'ದಲ್ಲಿ ಇದ್ದರೆ ಇನ್ನೊಂದು ಒತ್ತಕ್ಷರದಲ್ಲಿ ಇರುತ್ತದೆ. ಹಾಗಾಗಿ ಕಾರ್ಡುಗಳು ಜಾಸ್ತಿ. ನಮ್ಮ ಮಿಸ್ ಅವನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಎರಡು ರಟ್ಟಿನ ಡಬ್ಬದಲ್ಲಿ ಇಟ್ಟಿದ್ದರು. ಮೂಲೆ ಮಡಚಿ, ಮಕ್ಕಳ ಬೆವರು ಕೈಗೆ ಮೆತ್ತಗಾಗಿದ್ದವು. ಒಂದು ಕಾರ್ಡು ಹುಡುಕಲು ಮಿಸ್ ದಿನಕ್ಕೆ ಎಷ್ಟು ಸಲ ಬಗ್ಗಿ ಏಳುತ್ತಿದ್ದರೋ ಲೆಕ್ಕವಿಲ್ಲ.

ನಾನು ಒಂದು ಕಾರ್ಡು ಕೇಳಿ ಮನೆಗೆ ತಂದೆ. ಅಳತೆ ಹಾಕಿದೆ. ಗೋಡೆಗೆ ನೇತುಹಾಕುವ ಹಾಗೆ ಜೇಬುಗಳಿರುವ ಬಟ್ಟೆ ಹೊಲಿಯೋಣ ಅಂತ ಲೆಕ್ಕ ಮಾಡಿದೆ. ಸಾಲಿಗೆ ಆರು, ಆರು ಸಾಲು, ಒಟ್ಟು 36.

ಹೊಲಿಗೆ ಬರುವವರಿಗೆ ಉಪಯೋಗ ಆಗಲಿ ಅಂತ ಹೇಗೆ ಮಾಡಿದೆ ಅಂತ ಬಿಡಿಸಿ ಬರೆಯುತ್ತೇನೆ. ಹಿಂದಿನ ಬಟ್ಟೆಗೆ ಹಳೇ ಬೆಡ್‌ಶೀಟ್, ಎರಡು ಮಡಿಕೆ. ಒಂದೇ ಮಡಿಕೆ ಆದರೆ ಭಾರಕ್ಕೆ ಜೋಲುತ್ತದೆ. ಜೇಬಿನ ಮುಂಭಾಗಕ್ಕೆ ಮೊದಲು ಬ್ಲೌಸ್ ಪೀಸಿನ ತುಂಡು ಹಾಕೋಣ ಅಂದುಕೊಂಡೆ. ಆಮೇಲೆ ಯೋಚನೆ ಬಂತು. ಒಳಗಿರುವ ಕಾರ್ಡಿನ ಚಿತ್ರ ಕಾಣದೇ ಹೋದರೆ, ಓದಲು ಬಾರದ ಮಗು ತನ್ನ ಕಾರ್ಡು ಹುಡುಕುವುದು ಹೇಗೆ? ಅದಕ್ಕೆ ಪೇಟೆ ಬೀದಿಯಿಂದ ಟೇಬಲ್ ಮೇಲೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಶೀಟ್ ಎರಡು ಮೀಟರ್ ತಂದೆ. ತೆಳ್ಳಗಿನದು ಸಾಕು.

ಪ್ಲಾಸ್ಟಿಕ್ ಹೊಲಿಯುವುದು ಬಟ್ಟೆ ಹೊಲಿದ ಹಾಗಲ್ಲ. ಮಿಷನ್ನಿನ ಪಾದಕ್ಕೆ ಅಂಟಿಕೊಂಡು ಮುಂದೆ ಸರಿಯುವುದೇ ಇಲ್ಲ. ಪಾದಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಹಳೇ ನ್ಯೂಸ್‌ಪೇಪರ್ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಬೇಕು. ಹೊಲಿಗೆ ಉದ್ದುದ್ದ ಇರಬೇಕು. ಒತ್ತಾಗಿ ಹಾಕಿದರೆ ಸೂಜಿ ತೂತುಗಳೇ ಸಾಲಾಗಿ, ಪ್ಲಾಸ್ಟಿಕ್ ಅಂಚೆ ಚೀಟಿಯ ಹಾಗೆ ಹರಿದು ಬರುತ್ತದೆ. ಮೊದಲ ಸಾಲು ನನಗೆ ಹಾಗೇ ಹರಿದು ಹೋಯಿತು. ಬಿಚ್ಚಿ ಮತ್ತೆ ಹೊಲಿದೆ. ಜೇಬಿನ ಎತ್ತರ ಕಾರ್ಡಿಗಿಂತ ಎರಡು ಬೆರಳು ಕಡಿಮೆ ಇಟ್ಟೆ. ಕಾರ್ಡು ಮೇಲೆ ಇಣುಕಿದರೆ ಮಗುವಿನ ಕೈಗೆ ಸಲೀಸಾಗಿ ಸಿಗುತ್ತದೆ. ಜೇಬಿನ ಬಾಯಿಗೆ ಬ್ಲೌಸ್ ತುಂಡಿನ ಬಣ್ಣದ ಪಟ್ಟಿ ಕೊಟ್ಟೆ, ಸಾಲಿಗೊಂದು ಬಣ್ಣ. ಮೇಲೆ ಕೋಲು ತೂರಿಸಲು ಕೊಳವೆಯ ಹಾಗೆ ಮಡಚಿ ಹೊಲಿದೆ. ಪ್ಲಾಸ್ಟಿಕ್, ದಾರ, ಒಂದು ಪಿವಿಸಿ ಪೈಪಿನ ತುಂಡು ಸೇರಿ 180 ರೂಪಾಯಿ ಖರ್ಚು. ನಾಲ್ಕು ರಾತ್ರಿ ಕೆಲಸ.

ಶನಿವಾರ ತೆಗೆದುಕೊಂಡು ಹೋಗಿ ಗೋಡೆಗೆ ಹಾಕಿದೆವು. ನಾನು ಮಿಸ್ ಎತ್ತರ ನೋಡಿ ಮೊಳೆ ಹೊಡೆಸಿದ್ದೆ. ಮಿಸ್ ನೋಡಿದರು, ಒಂದೊಂದೇ ಜೇಬನ್ನು ಮುಟ್ಟಿ ನೋಡಿದರು, ಆಮೇಲೆ "ಇನ್ನೂ ಎರಡಡಿ ಕೆಳಗೆ ಇಳಿಸೋಣ ಅಲ್ವಾ? ತೆಗೆಯೋರು ನಾನಲ್ಲ, ಇವರು" ಅಂದರು. ಇಳಿಸಿದೆವು. ಒಂದನೇ ಕ್ಲಾಸಿನ ಒಂದು ಪುಟ್ಟ ಹುಡುಗ ಬಂದು, ಕೆಳಗಿನ ಸಾಲಿನಿಂದ ತನ್ನ ಕಾರ್ಡು ತಾನೇ ತೆಗೆದುಕೊಂಡು ಹೋಗಿ ತಟ್ಟೆಯಲ್ಲಿ ಕೂತ. ಮಿಸ್ ಏನೂ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡರು.

ಎಲ್ಲರಿಗೂ ಹೊಲಿಗೆ ಬರುವುದಿಲ್ಲ ಅಂತ ಗೊತ್ತು. ಆದರೆ ಪ್ರತಿ ಮನೆಯಲ್ಲೂ ಒಂದು ಕೈಕೆಲಸ ಇದ್ದೇ ಇರುತ್ತದೆ. ನಮ್ಮ ಬೀದಿಯ ಬಡಗಿ ಒಬ್ಬರು ಕುರ್ಚಿಯ ಅಲ್ಲಾಡುವ ಕಾಲು ಸರಿ ಮಾಡಿಕೊಟ್ಟರು. ಜೆರಾಕ್ಸ್ ಅಂಗಡಿಯವರು ಹರಿದ ಕಾರ್ಡುಗಳಿಗೆ ಲ್ಯಾಮಿನೇಷನ್ ಮಾಡಿಸಿಕೊಟ್ಟರು. ನಾನು ಆಗ ಹೇಳಿದೆನಲ್ಲ, ಕಬ್ಬು ಕಡಿಯಲು ಹೋಗುವ ಆ ತಾಯಿ, ಶಾಲೆಯ ಕೈತೋಟಕ್ಕೆ ಗುದ್ದಲಿ ತಂದು ಒಂದು ಬೆಳಗ್ಗೆಯಲ್ಲಿ ನಾಲ್ಕು ಪಾತಿ ಮಾಡಿಕೊಟ್ಟರು. ನುಗ್ಗೆ ಕೊಂಬೆ ನೆಟ್ಟರು. ಆ ಮರದ ಕಾಯಿ ಈಗ ಬಿಸಿಯೂಟದ ಸಾರಿಗೆ ಹೋಗುತ್ತದೆ.

ಕಾಸೇ ಖರ್ಚಿಲ್ಲದ ಒಂದು ಉಪಕಾರವನ್ನು ಹೇಳಲೇಬೇಕು. ಇದನ್ನು ಯಾರೂ ಕೃತಜ್ಞತೆ ಅಂತ ಎಣಿಸುವುದೇ ಇಲ್ಲ. ಟೀಚರ್ ಕೇಳಿದ ಕಾಗದ ಪತ್ರವನ್ನು ಕೇಳಿದ ದಿನವೇ ಕೊಡುವುದು. ಆಧಾರ್ ಜೆರಾಕ್ಸ್, ಜಾತಿ ಆದಾಯ ಸರ್ಟಿಫಿಕೇಟ್, ಬ್ಯಾಂಕ್ ಪಾಸ್‌ಬುಕ್, ಫೋಟೋ. ಇದನ್ನೆಲ್ಲ ಸ್ಯಾಟ್ಸ್ ಅನ್ನುವ, ಮಕ್ಕಳ ವಿವರ ಇಡುವ ಸರ್ಕಾರಿ ತಂತ್ರಾಂಶಕ್ಕೆ ಹಾಕುವುದು, ಸ್ಕಾಲರ್‌ಶಿಪ್‌ಗೆ ಕಳಿಸುವುದು ಅವರೇ. ಮಿಸ್ ಒಂದು ಸಂಜೆ ಒಂದೇ ಕಾಗದಕ್ಕೆ ಒಂದೇ ಮನೆಗೆ ಐದನೇ ಸಲ ಫೋನ್ ಮಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಅವತ್ತಿನಿಂದ ಮನೆಯಲ್ಲಿ ಒಂದು ಫೈಲ್ ಮಾಡಿ, ಪ್ರತಿಯೊಂದಕ್ಕೂ ನಾಲ್ಕು ನಾಲ್ಕು ಪ್ರತಿ ಇಟ್ಟಿದ್ದೇನೆ. ಪಕ್ಕದ ಮನೆಯವರಿಗೂ ಮಾಡಿಸಿಕೊಟ್ಟೆ. ಇದು ಹೂವು ಹಣ್ಣಿಗಿಂತ ದೊಡ್ಡದು ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ಇನ್ನು ಪತ್ರ. ಮಕ್ಕಳಿಗೆ "ಮಿಸ್‌ಗೆ ಪತ್ರ ಬರಿ" ಅಂದರೆ "ನೀವು ತುಂಬಾ ಒಳ್ಳೆಯವರು, ನಿಮಗೆ ಧನ್ಯವಾದಗಳು" ಅಂತಲೇ ಬರೆಯುತ್ತಾರೆ. ಹಾಗೆ ಹೇಳಬಾರದು. ಒಂದು ಪ್ರಶ್ನೆ ಕೇಳಬೇಕು. ಮಿಸ್ ಹೇಳಿಕೊಟ್ಟದ್ದರಲ್ಲಿ ನಿನಗೆ ಯಾವುದು ನೆನಪಿದೆ? ಅವತ್ತು ಏನಾಯಿತು? ಮಗಳು ಬರೆದದ್ದು ಮೂರೇ ಸಾಲು: "ನನಗೆ ಳ ಬರೆಯೋಕೆ ಬರ್ತಾ ಇರಲಿಲ್ಲ. ನೀವು ಮರಳಲ್ಲಿ ಬೆರಳು ಹಿಡಿದು ಬರೆಸಿದ್ರಿ. ಈಗ ನಾನು ಬಾಳೆಹಣ್ಣು ಬರೀತೀನಿ." ಮಗ ಅವನ ಗಣಿತದ ಮೇಷ್ಟ್ರಿಗೆ ಬರೆದದ್ದು, ಅವರು ಕಬ್ಬಿನ ಜಲ್ಲೆ ತಂದು ಗಿಣ್ಣು ಗಿಣ್ಣಿಗೆ ಕತ್ತರಿಸಿ ಭಿನ್ನರಾಶಿ ಹೇಳಿಕೊಟ್ಟ ದಿನದ ಬಗ್ಗೆ. "ಎಂಟರಲ್ಲಿ ಮೂರು ಭಾಗ ನಾನು ತಿಂದೆ ಸರ್" ಅಂತ ಮುಗಿಸಿದ್ದ. ಇದಕ್ಕೆ ದುಬಾರಿ ಗ್ರೀಟಿಂಗ್ ಕಾರ್ಡು ಬೇಡ. ನಾವು ಪೋಸ್ಟ್ ಆಫೀಸಿನಲ್ಲಿ 50 ಪೈಸೆಯ ಕಾರ್ಡು ತಂದು, ಬೇಸಿಗೆ ರಜೆ ಮುಗಿಯುವ ವಾರ ಶಾಲೆಯ ವಿಳಾಸಕ್ಕೇ ಹಾಕಿದೆವು. ಶಾಲೆ ತೆರೆದ ದಿನ ಟೇಬಲ್ ಮೇಲೆ ಅದು ಇರಲಿ ಅಂತ.

ದೊಡ್ಡವರೂ ಒಂದು ಪತ್ರ ಬರೆಯಬಹುದು. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಂದರೆ ಬಿಇಓ ಅವರಿಗೆ. ಆ ಕಚೇರಿಗೆ ಪೋಷಕರಿಂದ ಹೋಗುವುದು ದೂರಿನ ಅರ್ಜಿಯೇ ಜಾಸ್ತಿ ಅಲ್ವಾ? ನಾನು ಒಂದು ಪುಟ ಬರೆದೆ. ಮಗಳು ಶಾಲೆಗೆ ಸೇರಿದಾಗ ಹೇಗಿದ್ದಳು, ಈಗ ಏನು ಓದುತ್ತಾಳೆ, ಮಿಸ್ ಏನು ಮಾಡಿದರು, ತಾರೀಕು ಸಮೇತ. ಹೊಗಳಿಕೆಯ ಮಾತು ಕಡಿಮೆ, ನಡೆದದ್ದು ಜಾಸ್ತಿ. ಒಂದು ಪ್ರತಿ ಹೆಡ್ ಮೇಷ್ಟ್ರಿಗೆ ಕೊಟ್ಟೆ. ಅವರು ಅದನ್ನು ಪ್ರಾರ್ಥನೆ ಸಮಯದಲ್ಲಿ ಎಲ್ಲರ ಎದುರು ಓದಿದರು.

ತಿಂಡಿಯ ವಿಷಯ ಬೇಗ ಮುಗಿಸುತ್ತೇನೆ. ಸ್ವೀಟ್ ಬಾಕ್ಸ್ ಬೇಡ. ಸುಮಾರು ಟೀಚರ್‌ಗಳಿಗೆ ಶುಗರ್ ಇರುತ್ತದೆ, ಮೂವತ್ತು ಬಾಕ್ಸ್ ಬಂದರೆ ಅವರಾದರೂ ಏನು ಮಾಡುತ್ತಾರೆ. ಸಂಕ್ರಾಂತಿ ಮಾರನೇ ದಿನ ಮಕ್ಕಳ ಕೈಲಿ ಎಳ್ಳು ಬೀರಿಸಿ. ಮನೆಯಲ್ಲೇ ಹೆಚ್ಚಿದ ಕೊಬ್ಬರಿ, ಬೆಲ್ಲ, ಒಂದು ತುಂಡು ಕಬ್ಬು. ಬೆಲ್ಲ ನಮ್ಮ ಊರಿನ ಆಲೆಮನೆಯದೇ. ನಮ್ಮಲ್ಲಿ ಎಳ್ಳು ಬೀರುವುದು ನಮ್ಮವರು ಅನ್ನಿಸಿದ ಮನೆಗಳಿಗೆ. ಮಿಸ್ ಕೂಡ ಆ ಸಾಲಿನಲ್ಲಿ ಇದ್ದಾರೆ ಅಂತ ಮಗುವಿಗೂ ಗೊತ್ತಾಗುತ್ತದೆ. ಮತ್ತೆ, ಬಿಸಿಯೂಟದ ಅಡುಗೆಯ ಅಕ್ಕಂದಿರನ್ನು ದಯವಿಟ್ಟು ಮರೆಯಬೇಡಿ. ನಾನು ಪ್ರತಿ ವರ್ಷ ಅವರಿಗೆ ಬಿಸಿ ಪಾತ್ರೆ ಹಿಡಿಯಲು ದಪ್ಪ ಬಟ್ಟೆಯ ಹಿಡಿಕೆ ಹೊಲಿದುಕೊಡುತ್ತೇನೆ.

ಮಗ ಈಗ ಹೈಸ್ಕೂಲು. ಅಲ್ಲಿ ವಿಷಯಕ್ಕೊಬ್ಬರು ಟೀಚರ್, ಏನು ಮಾಡೋದು ಅಂತ ನನಗೆ ಯೋಚನೆ ಇತ್ತು. ಹೋದ ವರ್ಷ ಅವನು ಶಿಕ್ಷಕರ ದಿನದ ಭಾಷಣಕ್ಕೆ ತಯಾರಾಗುತ್ತಿದ್ದ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದ್ದರು. ಕಲ್ಕತ್ತಕ್ಕೆ ಹೊರಟಾಗ ಹುಡುಗರು ಗಾಡಿಗೆ ಹೂವಿನ ಅಲಂಕಾರ ಮಾಡಿ, ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರಂತೆ. ಅದನ್ನು ನನಗೆ ಓದಿ ಹೇಳಿ, "ಅಮ್ಮಾ, ನಮ್ಮ ಪಿಟಿ ಸರ್‌ಗೆ ಡಿಸೆಂಬರ್‌ನಲ್ಲಿ ರಿಟೈರ್‌ಮೆಂಟು" ಅಂದ. ನಾನು ಏನೂ ಹೇಳಲಿಲ್ಲ. ಅವನೇ ಕ್ಲಾಸಿನವರನ್ನು ಸೇರಿಸಿದ. ಆ ಸರ್‌ ಕೊನೆಯ ದಿನ, ಹುಡುಗರು ಮೈದಾನದ ಕಲ್ಲು ಆರಿಸಿ, ಸುಣ್ಣದಲ್ಲಿ ಕಬಡ್ಡಿ ಅಂಕಣದ ಗೆರೆ ಹೊಸದಾಗಿ ಎಳೆದು, ಅವರ ಕೈಗೆ ವಿಷಲ್ ಕೊಟ್ಟು ಕೊನೆಯ ಪಂದ್ಯ ಆಡಿಸಿ ಅಂತ ಕೇಳಿದರಂತೆ. ಖರ್ಚು ಸುಣ್ಣದ್ದು ಮಾತ್ರ. ಸರ್ ಎರಡು ಪಂದ್ಯ ಆಡಿಸಿ ಮನೆಗೆ ಹೋದರು.

ಮಗಳು ಈಗ ಐದನೇ ಕ್ಲಾಸು. ನಲಿ ಕಲಿ ರೂಮು ಬಿಟ್ಟು ಎರಡು ವರ್ಷ ಆಯಿತು. ಮೊನ್ನೆ ಮಿಸ್ ಅವಳ ಕೈಲಿ ಹೇಳಿ ಕಳಿಸಿದರು. ಜೇಬಿನ ಬಟ್ಟೆಯ ಕೆಳಗಿನ ಸಾಲು ಪೂರ್ತಿ ಕಿತ್ತು ಬಂದಿದೆ, ಮಕ್ಕಳು ಎಳೆದು ಎಳೆದು. ಮೇಲಿನ ಸಾಲುಗಳು ಇನ್ನೂ ಹೊಸದರ ಹಾಗೇ ಇವೆ. ಈ ಶನಿವಾರ ಹೋಗಿ ತರುತ್ತೇನೆ. ಕೆಳಗಿನ ಎರಡು ಸಾಲಿಗೆ ಈ ಸಲ ಹಳೇ ಜೀನ್ಸ್ ಬಟ್ಟೆ ಕೊಟ್ಟು, ಚಿತ್ರ ಕಾಣುವ ಹಾಗೆ ನಡುವೆ ಕಿಟಕಿ ಕತ್ತರಿಸಿ, ಅಲ್ಲಿಗೆ ಮಾತ್ರ ಪ್ಲಾಸ್ಟಿಕ್ ಹಾಕೋಣ ಅಂತಿದ್ದೇನೆ. ಸೋಮವಾರ ಪ್ರಾರ್ಥನೆಗೆ ಮೊದಲೇ ಅದು ಗೋಡೆ ಮೇಲೆ ಇರಬೇಕು.