ಹೆಡ್‌ಲೈಟ್ ಹಾಕಿದರೆ ಏರುವ ಟೆಂಪರೇಚರ್ ಮುಳ್ಳು

ಹಳೇ ಕಾರ್ಬುರೇಟರ್ ಕಾರು. ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಏರುತ್ತಿತ್ತು, ಆರಿಸಿದರೆ ಇಳಿಯುತ್ತಿತ್ತು. ನೀರು ಅಷ್ಟು ಬೇಗ ಕಾಯುವುದೂ ಇಲ್ಲ, ಆರುವುದೂ ಇಲ್ಲ. ಹಾಗಾಗಿ ದೋಷ ವೈರಿಂಗ್‌ನದೇ. ಆದರೂ ಇಂಜಿನ್ ತಣ್ಣಗಿದ್ದಾಗ ಕೂಲಂಟ್ ಮಟ್ಟ ಮೊದಲು ನೋಡಿ. ಒಳಗೆ ಗಾಳಿ ಸೇರಿದ್ದರೂ ಮುಳ್ಳು ಕುಣಿಯುತ್ತದೆ.

ಒಂದೇ ವೈರಿನ ಟೆಂಪರೇಚರ್ ಸೆನ್ಸರ್‌ಗೆ ಇಂಜಿನ್ ಮೈಯೇ ಅರ್ಥ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ. ಅದು ಕೆಟ್ಟರೆ ಮುಳ್ಳು ತಪ್ಪು ತೋರಿಸುತ್ತದೆ. ಇಂಜಿನ್ ಓಡುತ್ತಿರುವಾಗ ಲೈಟ್ ಹಾಕಿ, ಬ್ಯಾಟರಿ ನೆಗೆಟಿವ್‌ಗೂ ಇಂಜಿನ್ ಬ್ಲಾಕ್‌ಗೂ ಮಲ್ಟಿಮೀಟರ್ ಹಿಡಿದೆ: 0.6 ವೋಲ್ಟ್. 0.1ರ ಆಸುಪಾಸು ಇರಬೇಕಿತ್ತು. ಬ್ಯಾಟರಿ ಟರ್ಮಿನಲ್ ಕಳಚಿ, ಇಂಜಿನ್‌ಗೆ ಹೋಗುವ ಅರ್ಥ್ ಪಟ್ಟಿ ಬಿಚ್ಚಿದರೆ ಬೋಲ್ಟ್ ಕೆಳಗೆಲ್ಲ ಹಸಿರು ಕಿಲುಬು. ಎರಡೂ ತುದಿಯನ್ನು ಲೋಹ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದೆ. ಮುಳ್ಳು ನಿಂತಿತು.

ಸೆನ್ಸರ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ, ಅರ್ಥ್ ಕೆಡುತ್ತದೆ. ಪೆಟ್ರೋಲ್ ಮುಳ್ಳೂ ಜೊತೆಗೇ ಕುಣಿದರೆ ಮೀಟರ್ ಹಿಂದಿನ ವೋಲ್ಟೇಜ್ ಸ್ಟೆಬಿಲೈಜರ್ (ಎರಡೂ ಮುಳ್ಳಿಗೆ ಸ್ಥಿರ ವೋಲ್ಟೇಜ್ ಕೊಡುವ ಭಾಗ) ಪರೀಕ್ಷಿಸಿ.